ದಿವಾನ್ ವಿ. ಪಿ. ಮಾಧವರಾವ್: ಪೊಲೀಸ್ ಮುಖ್ಯಸ್ಥರ ಹುದ್ದೆಯಿಂದ ದಿವಾನಗಿರಿಯವರೆಗೆ

ಸಾರ್ವಜನಿಕರ ಮಾಹಿತಿಗಾಗಿ

ವಿಧಾನ ಪರಿಷತ್ತಿನ ಪದವೀಧರರ ಮತಕ್ಷೇತ್ರದ ಮತದಾರರ ಪಟ್ಟಿಗೆ ಹೆಸರು ಸೇರಿಸಲು ನಮೂನೆ 18ರಲ್ಲಿ ಅರ್ಜಿ ಸಲ್ಲಿಸಲು ಬರುವ ಕಲಬುರಗಿ ನಗರ ಹಾಗೂ ಕಮಲಾಪುರ ತಾಲ್ಲೂಕಿನ ನಾಗರಿಕರಲ್ಲಿ ಅನೇಕರು, ವಿಧಾನಸಭೆಯೊಂದು ಇರುವಾಗ ಈ ಎರಡನೆಯ ಸದನ ಎಲ್ಲಿಂದ ಬಂದಿತು ಎಂದು ವಿಚಾರಿಸುವುದುಂಟು. ಈ ಪ್ರಶ್ನೆಗೆ ಕೌಂಟರಿನಲ್ಲಿ ನಿಂತು ಉತ್ತರಿಸಲು ಸಮಯ ಸಾಲದು. ಕರ್ನಾಟಕ ವಿಧಾನ ಪರಿಷತ್ತು ತನ್ನ ಇತಿಹಾಸವನ್ನು 1907ರಿಂದ ಎಣಿಸುತ್ತದೆ. ಆ ವರ್ಷ ಮೈಸೂರು ಸಂಸ್ಥಾನದಲ್ಲಿ ನ್ಯಾಯವಿಧಾಯಕ ಸಭೆಯು ಅಸ್ತಿತ್ವಕ್ಕೆ ಬಂದಾಗ ದಿವಾನರಾಗಿದ್ದವರು ಶ್ರೀ ವಿ. ಪಿ. ಮಾಧವರಾವ್. ದಿವಾನರಾಗುವ ಮೊದಲು ಇವರು ಅದೇ ಸಂಸ್ಥಾನದ ಪೊಲೀಸ್ ಇಲಾಖೆಯ ಮುಖ್ಯಸ್ಥರಾಗಿದ್ದರು. ಜನತೆಯ ಮಾತಿಗೆ ಸರ್ಕಾರದೊಳಗೆ ಸ್ಥಳ ಮಾಡಿಕೊಟ್ಟ ಇವರೇ, ಮರುವರ್ಷ ಪತ್ರಿಕೆಗಳ ಮಾತಿಗೆ ಕಡಿವಾಣ ಹಾಕಿದ ಕಾನೂನಿಗೂ ಕಾರಣಕರ್ತರಾದರು. ಇವರ ಜೀವನವನ್ನು ತಿಳಿಯಲು ಈ ಎರಡೂ ಸಂಗತಿಗಳು ಅಗತ್ಯವಾದ್ದರಿಂದ ಎರಡನ್ನೂ ಇಲ್ಲಿ ನೀಡಲಾಗಿದೆ.

ಮೈಸೂರಿನ ದಿವಾನರೊಬ್ಬರ ಚರಿತ್ರೆ ಕಲಬುರಗಿಯವರಿಗೇಕೆ ಎಂಬ ಶಂಕೆ ಸಹಜ. ಆ ಕಾಲದಲ್ಲಿ ಕಲಬುರಗಿಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಇಲ್ಲಿನ ಜಿಲ್ಲಾ ಪೊಲೀಸ್ ಅಧಿಕಾರಿಯನ್ನು ಮೊಹತಮೀಮ್ ಎಂದು, ಠಾಣೆಯ ಅಧಿಕಾರಿಯನ್ನು ಅಮೀನ್ ಎಂದು ಕರೆಯಲಾಗುತ್ತಿತ್ತು. ಈ ಭಾಗದ ಹಿರಿಯರ ಬಾಯಲ್ಲಿ ಅಮೀನ ಸಾಹೇಬರು ಎಂಬ ಮಾತು ಪೂರ್ತಿಯಾಗಿ ಅಳಿದಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದ ಒಕ್ಕೂಟಕ್ಕೆ ಸೇರಿತು. 1952ರಲ್ಲಿ ಇಲ್ಲಿನ ಜನರು ಪ್ರಥಮ ಬಾರಿಗೆ ವಯಸ್ಕ ಮತದಾನದಲ್ಲಿ ಪಾಲ್ಗೊಂಡರು. 1956ರ ನವೆಂಬರ್ 1ರಂದು ಈ ಜಿಲ್ಲೆಯು ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಹೀಗೆ ಮೈಸೂರಿನ ಶಾಸಕಾಂಗದ ಪರಂಪರೆಯು ನಮಗೂ ದಾಯವಾಗಿ ಬಂದಿದೆ. ದಾಯವೆಂದ ಮೇಲೆ ಆಸ್ತಿಯೊಂದಿಗೆ ಋಣವೂ ಬರುತ್ತದೆಂಬುದು ವಾಣಿಜ್ಯಶಾಸ್ತ್ರ ಓದಿದವರಿಗೆ ಹೊಸ ವಿಷಯವೇನಲ್ಲ.

ಜನನ ಮತ್ತು ವಿದ್ಯಾಭ್ಯಾಸ

ವಿಶ್ವನಾಥ ಪಾಟಣಕರ್ ಮಾಧವರಾವ್ ಅವರು 1850ರ ಫೆಬ್ರವರಿ 10ರಂದು ತಂಜಾವೂರು ಜಿಲ್ಲೆಯ ಕುಂಭಕೋಣದಲ್ಲಿ ಜನಿಸಿದರು. ತಂಜಾವೂರಿನ ಮರಾಠ ಅರಸರ ಕಾಲದಲ್ಲಿ ಕಾವೇರಿ ತೀರದಲ್ಲಿ ನೆಲೆಸಿದ್ದ ಮರಾಠಿ ಮನೆಮಾತಿನ ಬ್ರಾಹ್ಮಣ ಕುಟುಂಬಗಳಲ್ಲಿ ಇವರದೂ ಒಂದು. ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ಪೋರ್ಟರ್ ಅವರ ಶಿಷ್ಯರಾಗಿ ವ್ಯಾಸಂಗ ಮಾಡಿ, 1869ರಲ್ಲಿ ಬಿ.ಎ. ಪದವಿ ಪಡೆದರು. ಆಗ ಪದವೀಧರರ ಸಂಖ್ಯೆ ಅತ್ಯಲ್ಪವಾಗಿದ್ದು, ಮದರಾಸು ವಿಶ್ವವಿದ್ಯಾಲಯದ ಪದವಿ ಪಡೆದವರಿಗೆ ದಕ್ಷಿಣದ ದೇಶೀಯ ಸಂಸ್ಥಾನಗಳಲ್ಲಿ ಉದ್ಯೋಗದ ಬಾಗಿಲು ತೆರೆದೇ ಇರುತ್ತಿತ್ತು.

ಪದವಿಯ ನಂತರ ಇವರು ಮೈಸೂರಿಗೆ ಬಂದು ಶಾಲಾ ಮುಖ್ಯೋಪಾಧ್ಯಾಯರಾಗಿ ಸೇವೆಗೆ ಸೇರಿದರು. ಕಾಲಕ್ರಮದಲ್ಲಿ ನ್ಯಾಯಾಂಗ ಮತ್ತು ಕಂದಾಯ ಇಲಾಖೆಗಳಲ್ಲಿ ಬೇರೆ ಬೇರೆ ಹುದ್ದೆಗಳನ್ನು ನಿರ್ವಹಿಸಿದರು. ಆ ವರ್ಷಗಳಲ್ಲಿ ಮೈಸೂರಿನ ಮೇಲ್ದರ್ಜೆಯ ಹುದ್ದೆಗಳಲ್ಲಿ ಹಲವು ಮದರಾಸು ಪ್ರಾಂತ್ಯದಿಂದ ಬಂದವರ ಪಾಲಾಗುತ್ತಿದ್ದುದರಿಂದ ಸ್ಥಳೀಯ ವಿದ್ಯಾವಂತರಲ್ಲಿ ಅಸಮಾಧಾನವಿತ್ತು. ಮಾಧವರಾಯರು ಮೈಸೂರಿನಲ್ಲೇ ಕೆಲಸ ಕಲಿತು ಮೇಲೇರಿದವರಾದರೂ ಆ ಅಸಮಾಧಾನದ ನೆರಳು ಅವರನ್ನೂ ಬಿಡಲಿಲ್ಲ.

ಪೊಲೀಸ್ ಇಲಾಖೆಯ ಮುಖ್ಯಸ್ಥರಾಗಿ

1831ರಿಂದ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನವು 1881ರಲ್ಲಿ ಒಡೆಯರ ವಂಶಕ್ಕೆ ಹಿಂದಿರುಗಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಪ್ರಾರಂಭವಾಯಿತು. ಸಂಸ್ಥಾನದ ಪೊಲೀಸ್ ಪಡೆಗೆ ಪ್ರತ್ಯೇಕ ಮುಖ್ಯಸ್ಥರಾಗಿ ಇನ್‌ಸ್ಪೆಕ್ಟರ್ ಜನರಲ್ ಎಂಬ ಹುದ್ದೆ ರೂಪುಗೊಂಡದ್ದು 1885ರಲ್ಲಿ. ಎಲ್. ರಿಕೆಟ್ಸ್ ಎಂಬವರು ಮೊದಲಿಗೆ ಆ ಹುದ್ದೆಯಲ್ಲಿದ್ದರು. ಅನಂತರದ ಕಾಲದಲ್ಲಿ ಮಾಧವರಾಯರು ಆ ಹುದ್ದೆಯನ್ನು ವಹಿಸಿಕೊಂಡರು. ಇಂದಿನ ವ್ಯವಸ್ಥೆಗೆ ಹೋಲಿಸುವುದಾದರೆ ಅದು ರಾಜ್ಯದ ಮಹಾ ನಿರ್ದೇಶಕರು ಮತ್ತು ಆರಕ್ಷಕ ಮಹಾ ನಿರೀಕ್ಷಕರ ಹುದ್ದೆಗೆ ಸಮನಾದುದು.

ಶಾಲೆ, ನ್ಯಾಯಾಲಯ, ಕಂದಾಯ, ಪೊಲೀಸ್ ಈ ನಾಲ್ಕೂ ಕಡೆ ಕೆಲಸ ಮಾಡಿದ ಅಧಿಕಾರಿಗಳು ಆಗಲೂ ವಿರಳ, ಈಗಲೂ ವಿರಳ. ಪೊಲೀಸ್ ಇಲಾಖೆಯಲ್ಲಿದ್ದವರಿಗೆ ಸರ್ಕಾರದ ಆಜ್ಞೆ ಹಳ್ಳಿಯ ಪಟೇಲ, ಶಾನುಭೋಗ, ತಳವಾರರವರೆಗೆ ಇಳಿದು ಹೋಗುವಾಗ ಏನಾಗುತ್ತದೆಂಬುದು ಚೆನ್ನಾಗಿ ತಿಳಿದಿರುತ್ತದೆ. ಕಾಗದದ ಮೇಲೆ ತಪಾಸಣೆ ಎಂದಿರುವುದು ಮನೆಯ ಹೊಸ್ತಿಲಲ್ಲಿ ಬಲಾತ್ಕಾರವಾಗಬಹುದು. ನಿರ್ಬಂಧ ಎಂದಿರುವುದು ಲಂಚಕ್ಕೆ ದಾರಿಯಾಗಬಹುದು. ಈ ತಿಳಿವಳಿಕೆ ಮಾಧವರಾಯರಿಗೆ ಅನತಿಕಾಲದಲ್ಲೇ ಅಗತ್ಯವಾಯಿತು.

ಪ್ಲೇಗ್ ಕಮಿಷನರ್ (1898)

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ಮಹಾಮಾರಿಯು ರೈಲುಮಾರ್ಗ ಹಿಡಿದು ದಕ್ಷಿಣಕ್ಕೆ ಸಾಗಿತು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಅಧಿನಿಯಮ ಜಾರಿಗೆ ಬಂದಿತು. ಪುಣೆಯಲ್ಲಿ ಮನೆ ಮನೆ ಶೋಧನೆಗೆ ಸೈನಿಕರನ್ನು ಬಳಸಲಾಯಿತು. ಅಡುಗೆಮನೆ, ದೇವರಮನೆಗಳಿಗೆ ನುಗ್ಗಿ, ಸ್ತ್ರೀಯರನ್ನು ಬೀದಿಯಲ್ಲಿ ತಪಾಸಣೆಗೊಳಪಡಿಸಿದರೆಂಬ ಆಕ್ರೋಶ ನಗರದಲ್ಲೆಲ್ಲ ಹಬ್ಬಿತು. 1897ರ ಜೂನ್ 22ರ ರಾತ್ರಿ ಅಲ್ಲಿನ ಪ್ಲೇಗ್ ಸಮಿತಿಯ ಮುಖ್ಯಸ್ಥ ರ‍್ಯಾಂಡ್ ಅವರ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು; ಗಾಯಗೊಂಡ ಅವರು ಮುಂದಿನ ತಿಂಗಳು ಮೃತರಾದರು. ಆ ಸಂದರ್ಭದಲ್ಲಿ ಕೇಸರಿ ಪತ್ರಿಕೆಯ ಬರಹಗಳಿಗಾಗಿ ಬಾಲ ಗಂಗಾಧರ ತಿಲಕರಿಗೆ ರಾಜದ್ರೋಹದ ಆಪಾದನೆಯ ಮೇಲೆ ಕಾರಾಗೃಹವಾಸ ವಿಧಿಸಲಾಯಿತು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕಾಗಿ ವಿನಂತಿ. ಮುಂದೆ ಮತ್ತೆ ಬರಲಿದೆ.

1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಭೀಕರವಾಗಿ ಹರಡಿ, ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ತಲುಪಿತು. ಆಗ ಮೈಸೂರಿನಲ್ಲಿ ಮಹಾರಾಜರು ಅಪ್ರಾಪ್ತವಯಸ್ಕರಾಗಿದ್ದು, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿಯೂ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿಯೂ ಇದ್ದರು. ಪ್ಲೇಗ್ ನಿವಾರಣೆಯ ಸಂಪೂರ್ಣ ಹೊಣೆಯನ್ನು ಒಬ್ಬ ಅಧಿಕಾರಿಗೆ ವಹಿಸಲು ತೀರ್ಮಾನಿಸಿ, ಪೊಲೀಸ್ ಇಲಾಖೆಯ ಅನುಭವವಿದ್ದ ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಲಾಯಿತು. ವೈದ್ಯರಲ್ಲದವರನ್ನು ಈ ಹುದ್ದೆಗೆ ನೇಮಿಸಿದ್ದು ವಿಚಿತ್ರವೆನಿಸಬಹುದು. ಆದರೆ ಆಗ ಪ್ಲೇಗಿಗೆ ಖಚಿತವಾದ ಔಷಧವಿರಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂಬ ಅಂಶವೂ ಇನ್ನೂ ಸರ್ವಸಮ್ಮತವಾಗಿರಲಿಲ್ಲ. ಹಾಫ್‌ಕಿನ್ ಅವರು 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆಯಿತ್ತು, ಅದರ ಬಗ್ಗೆ ಜನರಲ್ಲಿ ಭಯವೂ ಇತ್ತು. ಆದ್ದರಿಂದ ಸರ್ಕಾರದ ಕೈಯಲ್ಲಿದ್ದುದು ರೈಲು ಪ್ರಯಾಣಿಕರ ತಪಾಸಣೆ, ರೋಗಿಗಳನ್ನು ಮತ್ತು ಅವರ ಮನೆಯವರನ್ನು ಬೇರ್ಪಡಿಸುವುದು, ಸೋಂಕು ತಗುಲಿದ ಕೇರಿಗಳನ್ನು ಖಾಲಿ ಮಾಡಿಸಿ ಊರ ಹೊರಗೆ ಬಿಡಾರ ಹಾಕಿಸುವುದು, ಮನೆಗಳನ್ನು ಶುಚಿಗೊಳಿಸುವುದು ಇಷ್ಟೇ. ಇವೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಪೊಲೀಸರ ಕೆಲಸಗಳು.

ಮೈಸೂರು ಸಂಸ್ಥಾನದಲ್ಲಿಯೂ ಈ ಕ್ರಮಗಳು ನಿರಾತಂಕವಾಗಿ ನಡೆಯಲಿಲ್ಲ. ಶ್ರೀರಂಗಪಟ್ಟಣದ ಬಳಿಯ ಗಂಜಾಮ್‌ನಲ್ಲಿ 1898ರಲ್ಲಿ ಜನರು ಪ್ಲೇಗ್ ಕ್ರಮಗಳ ವಿರುದ್ಧ ದಂಗೆಯೆದ್ದರು. ಸತ್ತವರನ್ನು ಮುಚ್ಚಿಡುವುದು, ರೋಗ ಬಂದೊಡನೆ ನೆಂಟರೂರಿಗೆ ಓಡಿಹೋಗುವುದು ನಡೆದೇ ಇತ್ತು. ಮನೆಯ ಯಜಮಾನನನ್ನು ಕಂಟಿನ ಬಿಡಾರಕ್ಕೆ ಕರೆದೊಯ್ದರೆ ಅವನು ಮರಳುತ್ತಾನೋ ಇಲ್ಲವೋ ಎಂಬ ಭೀತಿಯ ಮುಂದೆ ಸರ್ಕಾರದ ಸುತ್ತೋಲೆಗೆ ಬೆಲೆಯಿರುವುದಿಲ್ಲ.

ಇದರ ಅನುಭವ ಕಲಬುರಗಿಯ ನಾಗರಿಕರಿಗೆ ಹೊಸದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್-19ರಿಂದ ದೇಶದಲ್ಲಿಯೇ ಮೊದಲ ಸಾವು ದಾಖಲಾದದ್ದು ಈ ನಗರದಲ್ಲಿ. ಆಗಲೂ ಆಧಾರವಾಗಿ ಬಳಸಿದ್ದು ಅದೇ 1897ರ ಅಧಿನಿಯಮ. ಬೀದಿಗಳಿಗೆ ಅಡ್ಡಗಟ್ಟೆ ಹಾಕಲಾಯಿತು, ಓಡಾಟಕ್ಕೆ ಪಾಸ್ ಕಡ್ಡಾಯವಾಯಿತು. ಬಾಳೆಗೊನೆ, ತರಕಾರಿ ಸಾಗಿಸಬೇಕಾದ ರೈತರು, ಡಯಾಲಿಸಿಸ್‌ಗೆ ಹೋಗಬೇಕಾದ ರೋಗಿಗಳ ಮನೆಯವರು ಅರ್ಜಿ ಹಿಡಿದು ನಿಂತಿದ್ದ ದೃಶ್ಯವು ಈ ಲೇಖನವನ್ನು ಸಿದ್ಧಪಡಿಸಿದ ಶಾಖಾಧಿಕಾರಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದು ದಿನ ತಡವಾಗಿ ಮಂಜೂರಾದ ಪಾಸು ಪ್ರಯೋಜನಕ್ಕೆ ಬಾರದೆ ಹೋದ ಉದಾಹರಣೆಗಳೂ ಇದ್ದವು. ಪ್ಲೇಗ್ ಕಾಲದ ಕಡತಗಳ ಹಿಂದೆ ಇದ್ದ ಮನುಷ್ಯರನ್ನು ಊಹಿಸಿಕೊಳ್ಳಲು ಇದರಿಂದ ಸಹಾಯವಾಯಿತು.

ಬೆಂಗಳೂರು ತೆತ್ತ ಬೆಲೆಯನ್ನು ಜನಗಣತಿಯ ಅಂಕಿಗಳಿಂದ ಅಳೆಯಬಹುದು. 1891ರಲ್ಲಿ ನಗರ ಮತ್ತು ದಂಡು ಪ್ರದೇಶಗಳೆರಡೂ ಸೇರಿ ಜನಸಂಖ್ಯೆ 1,80,366 ಇದ್ದುದು 1901ರಲ್ಲಿ 1,59,046ಕ್ಕೆ ಇಳಿಯಿತು. ನಗರ ಭಾಗವೊಂದರಲ್ಲಿಯೇ 80,285 ಇದ್ದುದು 69,447 ಆಯಿತು; ಅಂದರೆ ನೂರಕ್ಕೆ ಹದಿಮೂರಕ್ಕಿಂತ ಹೆಚ್ಚು ಇಳಿಕೆ. ಇವರೆಲ್ಲರೂ ಮರಣ ಹೊಂದಿದವರಲ್ಲ, ಊರು ಬಿಟ್ಟು ಹೋದವರೂ ಇದರಲ್ಲಿ ಸೇರಿದ್ದಾರೆ. ಆದಾಗ್ಯೂ ಬೆಳೆಯುತ್ತಿದ್ದ ಊರೊಂದು ಹತ್ತು ವರ್ಷದಲ್ಲಿ ಕುಗ್ಗಿತೆಂಬುದು ಸಣ್ಣ ಸಂಗತಿಯಲ್ಲ.

ಹಳೆಯ ಪೇಟೆಯ ಇಕ್ಕಟ್ಟಾದ ಮನೆಗಳೇ ರೋಗದ ನೆಲೆಯೆಂದು ಮನಗಂಡ ಸರ್ಕಾರವು ಊರ ಹೊರಗೆ ಹೊಸ ಬಡಾವಣೆಗಳ ನಿರ್ಮಾಣವನ್ನು ತ್ವರಿತಗೊಳಿಸಿತು. ಬಸವನಗುಡಿ (ಸುಮಾರು 440 ಎಕರೆ) ಮತ್ತು ಮಲ್ಲೇಶ್ವರ (ಸುಮಾರು 291 ಎಕರೆ) ಬಡಾವಣೆಗಳು ಹೀಗೆ ಬೆಳೆದವು. ಅಗಲವಾದ ರಸ್ತೆಗಳು, ಗಾಳಿ ಬೆಳಕು ಬರುವ ನಿವೇಶನಗಳು, ಮನೆಗಳ ಹಿಂಬದಿಯಲ್ಲಿ ಕಸ ಸಾಗಿಸಲು ಪ್ರತ್ಯೇಕ ಓಣಿಗಳು ಇವುಗಳ ವೈಶಿಷ್ಟ್ಯ. ನಿವೇಶನಗಳನ್ನು ಜಾತಿವಾರು ವಿಂಗಡಿಸಿ ಹಂಚಲಾಗಿತ್ತೆಂಬುದನ್ನೂ ಇಲ್ಲಿ ದಾಖಲಿಸಬೇಕು. ಈ ಬಡಾವಣೆಗಳ ಯೋಜನೆ ಪ್ಲೇಗಿಗಿಂತ ಮೊದಲೇ ಇದ್ದಿತಾದ್ದರಿಂದ ಇಡೀ ಶ್ರೇಯಸ್ಸನ್ನು ಪ್ಲೇಗ್ ಕಮಿಷನರ್ ಅವರಿಗೆ ಸಲ್ಲಿಸುವುದು ಸರಿಯಾಗದು. ಆದರೆ ಜನರು ಅಲ್ಲಿಗೆ ತೆರಳಿ ನೆಲೆಸುವಂತಾದದ್ದು ಆ ಆಪತ್ಕಾಲದಲ್ಲಿಯೇ. ಪ್ಲೇಗ್ ನಿವಾರಣೆಯಲ್ಲಿ ಸಲ್ಲಿಸಿದ ಸೇವೆಗಾಗಿ ಮಾಧವರಾಯರಿಗೆ 1899ರಲ್ಲಿ ಸಿ.ಐ.ಇ. ಬಿರುದು ನೀಡಲಾಯಿತು. ಮುಂದೆ ಅವರು ರೆವಿನ್ಯೂ ಕಮಿಷನರ್ ಹುದ್ದೆಯನ್ನೂ ನಿರ್ವಹಿಸಿದರು.

ತಿರುವಾಂಕೂರಿನ ದಿವಾನರಾಗಿ (1904–1906)

1904ರಲ್ಲಿ ಮಾಧವರಾಯರು ಶ್ರೀ ಮೂಲಂ ತಿರುನಾಳ್ ಮಹಾರಾಜರ ತಿರುವಾಂಕೂರು ಸಂಸ್ಥಾನದ ದಿವಾನರಾಗಿ ನೇಮಕಗೊಂಡರು. ದಿವಾನರೆಂದರೆ ಆಗ ಅರಸರ ನಂತರದ ಸರ್ವೋಚ್ಚ ಆಡಳಿತಾಧಿಕಾರಿ. ಇಂದಿನ ಮುಖ್ಯಮಂತ್ರಿ ಹಾಗೂ ಮುಖ್ಯ ಕಾರ್ಯದರ್ಶಿಗಳ ಕಾರ್ಯಭಾರವೆರಡೂ ಒಬ್ಬರಲ್ಲಿ ಕೂಡಿದಂತೆ. ತಿರುವಾಂಕೂರಿನಲ್ಲಿ ಕಾನೂನು ರಚನೆಗೆ 1888ರಿಂದಲೇ ಒಂದು ಪರಿಷತ್ತು ಇತ್ತು. ಆದರೆ ರೈತರು, ವರ್ತಕರು ತಮ್ಮ ಅಹವಾಲನ್ನು ನೇರವಾಗಿ ಸರ್ಕಾರದ ಮುಂದಿಡುವ ಸಭೆ ಇರಲಿಲ್ಲ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಹತ್ತಿರದಿಂದ ಕಂಡಿದ್ದ ಮಾಧವರಾಯರ ದಿವಾನಗಿರಿಯಲ್ಲಿ ಅಲ್ಲಿ ಶ್ರೀ ಮೂಲಂ ಪ್ರಜಾಸಭೆ ಸ್ಥಾಪನೆಯಾಯಿತು. ಅದರ ಪ್ರಥಮ ಅಧಿವೇಶನವು 1904ರ ಅಕ್ಟೋಬರ್ 22ರಂದು ತಿರುವನಂತಪುರದಲ್ಲಿ ನಡೆಯಿತು.

ಮೊದಲ ವರ್ಷ ಸದಸ್ಯರನ್ನು ಅಧಿಕಾರಿಗಳೇ ಆರಿಸಿದ್ದರು. 1905ರಲ್ಲಿ ಈ ಪದ್ಧತಿಯನ್ನು ಬದಲಿಸಿ, 100 ಸದಸ್ಯರಲ್ಲಿ 77 ಮಂದಿಯನ್ನು ಜನರೇ ಚುನಾಯಿಸುವ ಅವಕಾಶ ಕಲ್ಪಿಸಲಾಯಿತು. ವರ್ಷಕ್ಕೆ 50 ರೂಪಾಯಿಗೆ ಕಡಿಮೆಯಿಲ್ಲದ ಭೂಕಂದಾಯ ಕೊಡುವವರು, 2,000 ರೂಪಾಯಿಗೆ ಕಡಿಮೆಯಿಲ್ಲದ ನಿವ್ವಳ ವಾರ್ಷಿಕ ಆದಾಯವುಳ್ಳವರು, ಪದವಿ ಪಡೆದು ಹತ್ತು ವರ್ಷ ಪೂರೈಸಿದ ಪದವೀಧರರು ಮತ ನೀಡಲು ಅರ್ಹರಾಗಿದ್ದರು. ಕೂಲಿಕಾರರು, ಗೇಣಿದಾರರು, ಬಡವರೆಲ್ಲರೂ ಈ ಅರ್ಹತೆಯಿಂದ ಹೊರಗುಳಿದರೆಂಬುದು ಸ್ಪಷ್ಟ. ಇಂದು ನಮೂನೆ 18 ಸಲ್ಲಿಸುವವರು ಅರ್ಹತಾ ದಿನಾಂಕಕ್ಕೆ ಪದವಿ ಪಡೆದು ಮೂರು ವರ್ಷವಾಗಿರಬೇಕೆಂಬ ನಿಯಮದ ಬಗ್ಗೆ ಬೇಸರ ವ್ಯಕ್ತಪಡಿಸುವುದುಂಟು. ಅಂದು ಹತ್ತು ವರ್ಷ ಕಾಯಬೇಕಾಗಿತ್ತು.

ಮೈಸೂರಿನ ದಿವಾನರಾಗಿ (1906–1909)

1906ರಲ್ಲಿ ದಿವಾನ್ ಪಿ. ಎನ್. ಕೃಷ್ಣಮೂರ್ತಿಯವರು ನಿವೃತ್ತರಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮಾಧವರಾಯರನ್ನು ಮೈಸೂರಿನ ದಿವಾನರನ್ನಾಗಿ ನೇಮಿಸಿದರು. ಮುಖ್ಯೋಪಾಧ್ಯಾಯರಾಗಿ ಕಾಲಿಟ್ಟ ಸಂಸ್ಥಾನಕ್ಕೆ ಅವರು ದಿವಾನರಾಗಿ ಮರಳಿದಾಗ ವಯಸ್ಸು ಐವತ್ತಾರು. ಅವರ ಅವಧಿಯಲ್ಲಿ, 1907ರಲ್ಲಿ, ಮಾರಿಕಣಿವೆ ಜಲಾಶಯದ ಕಾಮಗಾರಿ ಪೂರ್ಣಗೊಂಡಿತು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 371 ಎಕರೆ ಜಮೀನು ನೀಡಲಾಯಿತು. ಇವು ಹಿಂದಿನವರು ಪ್ರಾರಂಭಿಸಿದ ಕೆಲಸಗಳ ಮುಂದುವರಿಕೆ. ಮಾಧವರಾಯರ ದಿವಾನಗಿರಿಯನ್ನು ಅಳೆಯಬೇಕಾದದ್ದು ಎರಡು ಶಾಸನಗಳಿಂದ.

ಮೊದಲನೆಯದು 1907ರ 1ನೇ ರೆಗ್ಯುಲೇಷನ್. ಅಲ್ಲಿಯವರೆಗೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಸದಸ್ಯರು ವರ್ಷಕ್ಕೊಮ್ಮೆ ದಸರಾ ಸಮಯದಲ್ಲಿ ಸೇರಿ, ಸರ್ಕಾರದ ವರದಿ ಕೇಳಿ, ತಮ್ಮ ಊರಿನ ಕುಂದುಕೊರತೆಗಳನ್ನು ನಿವೇದಿಸುತ್ತಿದ್ದರು. ಕಾನೂನು ರಚಿಸುವಲ್ಲಿ ಅವರಿಗೆ ಅಧಿಕೃತ ಪಾತ್ರವಿರಲಿಲ್ಲ. ಕಾನೂನುಗಳನ್ನು ದಿವಾನರೂ ಅವರ ಸಲಹೆಗಾರರೂ ಸಿದ್ಧಪಡಿಸಿ ಮಹಾರಾಜರ ಅಂಕಿತ ಪಡೆಯುತ್ತಿದ್ದರು. ಹೊಸ ರೆಗ್ಯುಲೇಷನ್ ಪ್ರಕಾರ ನ್ಯಾಯವಿಧಾಯಕ ಸಭೆ ಸ್ಥಾಪನೆಯಾಗಿ, ದಿವಾನರು ಅದರ ಅಧ್ಯಕ್ಷರಾದರು. ಕೌನ್ಸಿಲಿನ ಸದಸ್ಯರಲ್ಲದೆ ಹತ್ತಕ್ಕೆ ಕಡಿಮೆಯಿಲ್ಲದಂತೆ, ಹದಿನೈದಕ್ಕೆ ಮೀರದಂತೆ ಹೆಚ್ಚುವರಿ ಸದಸ್ಯರಿರಬೇಕೆಂದೂ, ಅವರಲ್ಲಿ ಐದನೆಯ ಎರಡು ಭಾಗಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸರ್ಕಾರಿ ನೌಕರರಲ್ಲದವರಾಗಿರಬೇಕೆಂದೂ ವಿಧಿಸಲಾಯಿತು. ಬಹುಮತವು ಸರ್ಕಾರದ ಕೈಯಲ್ಲೇ ಉಳಿಯಿತು. ಆದಾಗ್ಯೂ ಮಸೂದೆಯನ್ನು ಸಭೆಯ ಮುಂದಿಟ್ಟು, ಕಲಂವಾರು ಚರ್ಚಿಸಿ, ನಂತರವೇ ಕಾನೂನಾಗಿಸುವ ಪದ್ಧತಿಯು ಇಲ್ಲಿಂದ ಪ್ರಾರಂಭವಾಯಿತು. 1923ರಲ್ಲಿ ಈ ಸಭೆಯ ಸದಸ್ಯಬಲವನ್ನು 50ಕ್ಕೆ ಏರಿಸಲಾಯಿತು. ಇಂದಿನ ವಿಧಾನ ಪರಿಷತ್ತಿನಲ್ಲಿ 75 ಸ್ಥಾನಗಳಿದ್ದು, ಪದವೀಧರರ ಕ್ಷೇತ್ರಗಳಿಂದ 7, ಶಿಕ್ಷಕರ ಕ್ಷೇತ್ರಗಳಿಂದ 7, ಸ್ಥಳೀಯ ಸಂಸ್ಥೆಗಳಿಂದ 25, ವಿಧಾನಸಭೆಯ ಸದಸ್ಯರಿಂದ 25 ಮಂದಿ ಆಯ್ಕೆಯಾಗುತ್ತಾರೆ. 11 ಮಂದಿ ನಾಮನಿರ್ದೇಶಿತರಾಗುತ್ತಾರೆ.

ಎರಡನೆಯ ಶಾಸನ 1908ರ ವೃತ್ತಪತ್ರಿಕೆಗಳ ರೆಗ್ಯುಲೇಷನ್. ಅದರ ಹಿನ್ನೆಲೆ ಹೀಗಿದೆ. ಬಂಗಾಳದ ವಿಭಜನೆಯ ನಂತರ ದೇಶದಲ್ಲೆಲ್ಲ ಸ್ವದೇಶಿ ಚಳವಳಿ ತೀವ್ರವಾಗಿತ್ತು. 1908ರ ಜೂನ್‌ನಲ್ಲಿ ಬ್ರಿಟಿಷ್ ಸರ್ಕಾರ ಪತ್ರಿಕೆಗಳನ್ನು ಹತ್ತಿಕ್ಕುವ ಅಧಿನಿಯಮ ಹೊರಡಿಸಿತು. ಜುಲೈ 22ರಂದು ಕೇಸರಿಯ ಲೇಖನಗಳಿಗಾಗಿ ತಿಲಕರಿಗೆ ಆರು ವರ್ಷಗಳ ಶಿಕ್ಷೆ ವಿಧಿಸಿ ಮಂಡಾಲೆಗೆ ಕಳುಹಿಸಲಾಯಿತು. ಮೈಸೂರಿನಲ್ಲಿಯೂ ಪತ್ರಿಕೆಗಳು ಸರ್ಕಾರವನ್ನೂ ಅಧಿಕಾರಿಗಳನ್ನೂ ಟೀಕಿಸುತ್ತಿದ್ದವು. ಅವುಗಳಲ್ಲಿ ಸಾರ್ವಜನಿಕ ಹಿತದ ಟೀಕೆಯೂ ಇತ್ತು, ವೈಯಕ್ತಿಕ ನಿಂದನೆಯೂ ಇತ್ತು. ಹೊಸ ಕಾನೂನಿನಂತೆ ಸರ್ಕಾರದ ಅನುಮತಿಯಿಲ್ಲದೆ ಯಾರೂ ವೃತ್ತಪತ್ರಿಕೆ ನಡೆಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಹಿಂಪಡೆಯುವ ಅಧಿಕಾರವೂ ಸರ್ಕಾರಕ್ಕಿತ್ತು. ಪತ್ರಿಕೆ ತಪ್ಪು ಮಾಡಿದ ಮೇಲೆ ನ್ಯಾಯಾಲಯದಲ್ಲಿ ವಿಚಾರಿಸಿ ದಂಡಿಸುವುದು ಒಂದು ಕ್ರಮ. ತಪ್ಪು ನಡೆಯುವ ಮೊದಲೇ ಪರವಾನಗಿಯ ಹಗ್ಗವನ್ನು ಕೈಯಲ್ಲಿ ಹಿಡಿದುಕೊಳ್ಳುವುದು ಇನ್ನೊಂದು. ಮಾಧವರಾಯರ ಸರ್ಕಾರ ಎರಡನೆಯದನ್ನು ಆರಿಸಿಕೊಂಡಿತು. ಅದು ನ್ಯಾಯಾಧೀಶರ ರೀತಿಗಿಂತ ಪೊಲೀಸ್ ಮುಖ್ಯಸ್ಥರ ರೀತಿಗೆ ಹತ್ತಿರವಾದುದು ಎಂದರೆ ತಪ್ಪಾಗದು.

ಇದರ ಪೆಟ್ಟು ಬಿದ್ದವರಲ್ಲಿ ಎಂ. ವೆಂಕಟಕೃಷ್ಣಯ್ಯನವರು ಪ್ರಮುಖರು. ಮೈಸೂರಿನ ಜನರು ತಾತಯ್ಯ ಎಂದು ಪ್ರೀತಿಯಿಂದ ಕರೆಯುತ್ತಿದ್ದ ಇವರು ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ವೃತ್ತಾಂತ ಚಿಂತಾಮಣಿ ಮೊದಲಾದ ಪತ್ರಿಕೆಗಳನ್ನು ನಡೆಸುತ್ತಿದ್ದರು. ಸರ್ಕಾರದ ಅನುಮತಿ ಬೇಡಿ ಬರೆಯುವುದಕ್ಕಿಂತ ಬರೆಯದಿರುವುದೇ ಮೇಲೆಂದು ಅವರು ತಮ್ಮ ಪತ್ರಿಕೆಗಳ ಪ್ರಕಟಣೆಯನ್ನು ನಿಲ್ಲಿಸಿದರು. ಇತರ ಪತ್ರಿಕೆಗಳೂ ಮುಚ್ಚಿದವು. ಮೈಸೂರಿನ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಇಬ್ಬರು, ಒಬ್ಬರು ದಿವಾನರಾಗಿ ಇನ್ನೊಬ್ಬರು ಸಂಪಾದಕರಾಗಿ, ಹೀಗೆ ಎದುರುಬದುರಾದದ್ದು ಸಂಸ್ಥಾನದ ಸಾರ್ವಜನಿಕ ಜೀವನದ ಒಂದು ದುಃಖದ ಅಧ್ಯಾಯ. ಕನ್ನಡ ಪತ್ರಿಕೋದ್ಯಮದ ಇತಿಹಾಸ ಬರೆದವರು ಈ ಕಾನೂನಿನ ಪ್ರಸ್ತಾಪವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಮಾಧವರಾಯರು ದಬ್ಬಾಳಿಕೆಯ ಮನುಷ್ಯರಾಗಿದ್ದರೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಸಭೆಯಲ್ಲಿ ಕುಳಿತು, ಅಧ್ಯಕ್ಷರ ಅನುಮತಿ ಪಡೆದು, ಕ್ರಮಬದ್ಧವಾಗಿ ಆಡುವ ಮಾತನ್ನು ಅವರು ಎರಡು ಸಂಸ್ಥಾನಗಳಲ್ಲಿ ಪ್ರೋತ್ಸಾಹಿಸಿದರು. ಬೀದಿಯಲ್ಲಿ, ಅಚ್ಚುಕೂಟದಲ್ಲಿ, ಯಾರ ಅಪ್ಪಣೆಗೂ ಕಾಯದೆ ಹುಟ್ಟುವ ಮಾತಿನ ಬಗ್ಗೆ ಅವರಿಗೆ ನಂಬಿಕೆಯಿರಲಿಲ್ಲ. ಆಡಳಿತದಲ್ಲಿ ಬಹುಕಾಲ ಕಳೆದ ಅಧಿಕಾರಿಗಳಲ್ಲಿ ಈ ಸ್ವಭಾವ ಇಂದಿಗೂ ಕಾಣುವಂಥದ್ದೇ. ನಿಗದಿತ ನಮೂನೆಯಲ್ಲಿ ಬಂದ ಅರ್ಜಿಗೆ ಸಿಗುವ ಗಮನ, ಬಿಳಿ ಹಾಳೆಯಲ್ಲಿ ಬರೆದ ದೂರಿಗೆ ಸಿಗುವುದಿಲ್ಲವೆಂಬುದನ್ನು ನಾಗರಿಕರು ಬಲ್ಲರು.

1909ರ ಮಾರ್ಚ್ ಅಂತ್ಯದಲ್ಲಿ ಮಾಧವರಾಯರು ದಿವಾನ ಪದವಿಯಿಂದ ನಿವೃತ್ತರಾದರು. ಅವರ ಸ್ಥಾನಕ್ಕೆ ಟಿ. ಆನಂದರಾವ್ ಅವರೂ, 1912ರಲ್ಲಿ ಎಂ. ವಿಶ್ವೇಶ್ವರಯ್ಯನವರೂ ಬಂದರು.

ಬರೋಡಾ ಮತ್ತು ಲಂಡನ್

ಮೈಸೂರಿನ ನಂತರ ಮಾಧವರಾಯರು ಸಯಾಜಿರಾವ್ ಗಾಯಕವಾಡರ ಬರೋಡಾ ಸಂಸ್ಥಾನದ ದಿವಾನರಾಗಿಯೂ ಸೇವೆ ಸಲ್ಲಿಸಿದರು. ಮೂರು ದೊಡ್ಡ ಸಂಸ್ಥಾನಗಳಲ್ಲಿ ದಿವಾನರಾದವರು ಕೈಬೆರಳೆಣಿಕೆಯಷ್ಟು ಮಂದಿ. ಇಲ್ಲಿಗೆ ಅವರು ವಿಶ್ರಾಂತ ಜೀವನಕ್ಕೆ ತೆರಳಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಆದರೆ 1919ರಲ್ಲಿ ಮಾಂಟೆಗು ಸುಧಾರಣೆಗಳ ಮಸೂದೆಯು ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದಾಗ, ಅದರ ಪರಿಶೀಲನೆಗೆ ಲಾರ್ಡ್ ಸೆಲ್ಬೋರ್ನ್ ಅವರ ಅಧ್ಯಕ್ಷತೆಯಲ್ಲಿ ಜಂಟಿ ಸಮಿತಿಯೊಂದು ರಚಿತವಾಯಿತು. ಭಾರತಕ್ಕೆ ಹೆಚ್ಚಿನ ಜವಾಬ್ದಾರಿ ಸರ್ಕಾರ ಬೇಕೆಂದು ವಾದಿಸಲು ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಲಂಡನ್ನಿಗೆ ನಿಯೋಗವನ್ನು ಕಳುಹಿಸಿತು. ಬಾಲ ಗಂಗಾಧರ ತಿಲಕ್, ವಿಠ್ಠಲಭಾಯಿ ಪಟೇಲ್, ಖಾಪರ್ಡೆ ಮುಂತಾದವರಿದ್ದ ಆ ನಿಯೋಗದಲ್ಲಿ ವಿ. ಪಿ. ಮಾಧವರಾಯರೂ ಇದ್ದರು. ಆಗ ಅವರಿಗೆ ಅರವತ್ತೊಂಬತ್ತು ವರ್ಷ. ಪುಣೆಯ ಪ್ಲೇಗ್ ಆಡಳಿತವನ್ನು ಖಂಡಿಸಿ ಬರೆದದ್ದರ ಹಿಂದೆಯೇ ಸೆರೆಮನೆ ಸೇರಿದ ಸಂಪಾದಕರೂ, ಮೈಸೂರಿನಲ್ಲಿ ಪ್ಲೇಗ್ ಆಡಳಿತ ನಡೆಸಿದ ಅಧಿಕಾರಿಯೂ ಒಂದೇ ಪಕ್ಷದಲ್ಲಿ ನಿಂತರು. 1908ರಲ್ಲಿ ಬರಹಕ್ಕಾಗಿ ಮಂಡಾಲೆಗೆ ಹೋದವರೂ, ಅದೇ ವರ್ಷ ಬರಹಕ್ಕೆ ಪರವಾನಗಿ ಕಡ್ಡಾಯ ಮಾಡಿದವರೂ ಒಂದೇ ಸಮಿತಿಯ ಮುಂದೆ ಒಂದೇ ದೇಶದ ಪರವಾಗಿ ಸಾಕ್ಷ್ಯ ನುಡಿದರು.

ಆ ಮಸೂದೆಯು 1919ರ ಡಿಸೆಂಬರಿನಲ್ಲಿ ಭಾರತ ಸರ್ಕಾರದ ಕಾಯಿದೆಯಾಗಿ ಅಂಗೀಕೃತವಾಯಿತು. ಕಾಂಗ್ರೆಸ್ ಬಯಸಿದಷ್ಟು ಅದರಲ್ಲಿ ದೊರೆಯಲಿಲ್ಲ. ತಿಲಕರು ಮರುವರ್ಷ ಆಗಸ್ಟ್ 1ರಂದು ನಿಧನರಾದರು. ವೆಂಕಟಕೃಷ್ಣಯ್ಯನವರು 1933ರಲ್ಲಿ, ಮಾಧವರಾಯರು 1934ರಲ್ಲಿ ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಕಾಲವಾದರು. ಪ್ಲೇಗ್ ಕಾಲದಲ್ಲಿ ಬೆಳೆದ ಬಸವನಗುಡಿಯಲ್ಲಿ ಒಂದು ರಸ್ತೆಗೆ ದಿವಾನ್ ಮಾಧವರಾವ್ ರಸ್ತೆ ಎಂದು ಹೆಸರಿಡಲಾಗಿದೆ.

ಅರ್ಜಿದಾರರ ಗಮನಕ್ಕೆ: ಕರ್ನಾಟಕ ಈಶಾನ್ಯ ಪದವೀಧರರ ಮತಕ್ಷೇತ್ರವು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳನ್ನು ಒಳಗೊಂಡಿರುತ್ತದೆ. ಈ ಕ್ಷೇತ್ರದ ಮತದಾರರ ಪಟ್ಟಿಯನ್ನು ಪ್ರತಿ ಸಾಮಾನ್ಯ ಚುನಾವಣೆಗೂ ಹೊಸದಾಗಿ ಸಿದ್ಧಪಡಿಸಲಾಗುವುದರಿಂದ, ಹಿಂದಿನ ಪಟ್ಟಿಯಲ್ಲಿ ಹೆಸರಿದ್ದವರೂ ಪುನಃ ನಮೂನೆ 18ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಶಿಕ್ಷಕರ ಕ್ಷೇತ್ರಕ್ಕೆ ನಮೂನೆ 19ನ್ನು ಬಳಸತಕ್ಕದ್ದು.